ಬಸ್ಸಿನ ಮುಂದಿನ ಆರತಿ

‘ಆತ್ಮೀಯ ಗ್ರಾಹಕರೇ’ ಎಂದು ಯಾರಾದರೂ ಮಾತು ಶುರುಮಾಡಿದರೆ ನಾನು ಮೊದಲು ನನ್ನ ಕೈಚೀಲ ಮುಟ್ಟಿ ನೋಡಿಕೊಳ್ಳುತ್ತೇನೆ. ಆ ಎರಡು ಪದಗಳ ಹಿಂದೆ ಒಳ್ಳೆಯ ಸುದ್ದಿ ಬಂದದ್ದನ್ನು ನಾನಂತೂ ಕಂಡಿಲ್ಲ. ಏನನ್ನೋ ಕಿತ್ತುಕೊಳ್ಳುವ ಮುಂಚೆ ಬೆನ್ನು ಸವರುವ ಮಾತು ಅದು. ನನಗೆ ಈ ಬುದ್ಧಿ ಬಂದದ್ದು ಚಾಮರಾಜಪೇಟೆಯ ಒಂದು ಯಾತ್ರಾ ಕಂಪನಿಯಿಂದ. ಬುದ್ಧಿ ನನಗೆ ಬಂತು, ಅದರ ಬೆಲೆ ತೆತ್ತವರು ನನ್ನ ಸೋದರತ್ತೆ.

ನಮ್ಮ ಮನೆಯೂ ಚಾಮರಾಜಪೇಟೆಯಲ್ಲೇ ಇತ್ತು. ಮನೆಯಲ್ಲಿ ಅಪ್ಪ, ಅಮ್ಮ, ನಾನು, ಮತ್ತೆ ಅಪ್ಪನ ಅಕ್ಕ. ಅತ್ತೆಗೆ ಮದುವೆಯಾದ ಸ್ವಲ್ಪ ಕಾಲಕ್ಕೇ ಗಂಡ ಹೋಗಿದ್ದರು. ತವರಿಗೆ ಬಂದು, ಟೀಚರ್ ಟ್ರೈನಿಂಗ್ ಮಾಡಿಕೊಂಡು, ಹೆಣ್ಣುಮಕ್ಕಳ ಶಾಲೆಯಲ್ಲಿ ಗಣಿತ ಕಲಿಸಿ ರಿಟೈರ್ ಆದವರು ಅವರು. ಅರ್ಧ ಪೇಟೆಯ ಹೆಂಗಸರಿಗೆ ಭಿನ್ನರಾಶಿ ಕಲಿಸಿದ್ದೇ ಅವರು. ಗೌರಿ ಹಬ್ಬವಿರಲಿ, ಯಾರದೋ ಸೀಮಂತವಿರಲಿ, ಹಿಂದಿನ ದಿನದಿಂದ ಹೂರಣ ರುಬ್ಬುವುದರಿಂದ ಹಿಡಿದು ಬಾಳೆಲೆ ಒರೆಸುವವರೆಗೆ ಎಲ್ಲಕ್ಕೂ ಅತ್ತೆ ಬೇಕು. ಆರತಿಯ ಹೊತ್ತಿಗೆ ಮಾತ್ರ ಅವರು ಸದ್ದಿಲ್ಲದೆ ಎದ್ದು ಅಡುಗೆಮನೆಗೆ ಹೋಗುತ್ತಿದ್ದರು. ‘ಒಳಗೆ ಹೋಗಿ’ ಎಂದು ಯಾರೂ ಹೇಳುತ್ತಿರಲಿಲ್ಲ. ನಮ್ಮ ಮನೆಯವರು ಸಭ್ಯರು. ಯಾರೂ ಹೇಳದೆ ಅವರೇ ಎದ್ದು ಹೋಗುವ ಹಾಗೆ ಮಾಡಿಟ್ಟಿದ್ದರು, ಅಷ್ಟೆ.

ರಿಟೈರ್ ಆದ ಮೇಲೆ ಅತ್ತೆ ಯಾತ್ರೆ ಹಿಡಿದರು. ತೊಂಬತ್ತರ ದಶಕದ ಆ ವರ್ಷಗಳಲ್ಲಿ ಅವರು ಮನೆಯಲ್ಲಿದ್ದದ್ದಕ್ಕಿಂತ ಬಸ್ಸಿನಲ್ಲಿದ್ದದ್ದೇ ಹೆಚ್ಚು ಎಂದು ಅಪ್ಪ ಆಡಿಕೊಳ್ಳುತ್ತಿದ್ದರು. ರಾಮೇಶ್ವರ, ಪಂಢರಪುರ, ಮಂತ್ರಾಲಯ, ಉಡುಪಿ, ಕಾಶಿ. ಹೋದ ಊರಿಗೇ ಮತ್ತೆ ಹೋಗುವುದಕ್ಕೂ ಅವರಿಗೆ ಬೇಸರವಿರಲಿಲ್ಲ. ‘ಹೋದ ಸಲ ಸರಿಯಾಗಿ ನೋಡ್ಲಿಲ್ಲ’ ಎನ್ನುವುದು ಅವರ ಕಾರಣ. ಅತ್ತೆಗೆ ದೇವರಿಗಿಂತ ಕಿಟಕಿಯ ಮೇಲೆ ಭಕ್ತಿ ಹೆಚ್ಚು ಎಂದು ನನಗೆ ಅನುಮಾನವಿತ್ತು, ಅದನ್ನು ಅವರು ಒಪ್ಪಿಯೂ ಇದ್ದರು.

ಕಂಪನಿಯ ಯಜಮಾನರು ಹಳ್ಳಿ ಕಡೆಯಿಂದ ಬಂದು ಒಂದು ಬಸ್ಸಿನಿಂದ ನಾಲ್ಕು ಬಸ್ಸು ಮಾಡಿದವರು. ಬಿಳಿ ಪಂಚೆ, ಬಿಳಿ ಶರಟು, ಜೇಬಿನಲ್ಲಿ ಸದಾ ಒಂದು ಏಲಕ್ಕಿ ಪೊಟ್ಟಣ. ಪದೇಪದೇ ಬರುವವರನ್ನು ಅವರು ‘ಹಳಬರು’ ಎನ್ನುತ್ತಿದ್ದರು. ಹಳಬರಿಗೆ ಕೆಲವು ಮರ್ಯಾದೆಗಳಿದ್ದವು. ಮುಂದಿನ ಸೀಟು ಅವರದು. ಛತ್ರದಲ್ಲಿ ಮೊದಲ ಬಕೆಟ್ ಬಿಸಿನೀರು ಅವರದು. ಬೆಳಗಿನ ಕಾಫಿ ಅವರಿಗೆ ಎರಡನೇ ಸಲವೂ ಬರುತ್ತಿತ್ತು. ಯಾರಿಗೆ ಸಕ್ಕರೆ ಬೇಡ, ಯಾರಿಗೆ ಹಲ್ಲಿಲ್ಲ, ಯಾರು ಏಕಾದಶಿ ಹಿಡಿಯುತ್ತಾರೆ ಎಂಬುದೆಲ್ಲ ಅಡುಗೆಯವರ ನೆನಪಿನಲ್ಲೇ ಇತ್ತು. ಚೀಟಿಯಿಲ್ಲ, ನಂಬರಿಲ್ಲ, ಮುಖ ನೋಡಿದರೆ ಸಾಕು.

ಈ ಮರ್ಯಾದೆಗಳಲ್ಲೆಲ್ಲ ದೊಡ್ಡದು ಆರತಿ. ಯಾತ್ರೆ ಹೊರಡುವ ಬೆಳಿಗ್ಗೆ ಬಸ್ಸಿಗೆ ಪೂಜೆ. ಗಾಜಿಗೆ ವಿಭೂತಿ, ಅರಿಶಿನ, ಕುಂಕುಮ, ಅಡ್ಡಕ್ಕೆ ಸೇವಂತಿಗೆ ಹಾರ, ಗಾಲಿಗಳ ಕೆಳಗೆ ನಿಂಬೆಹಣ್ಣು. ಪುರೋಹಿತರು ಮಂತ್ರ ಹೇಳಿ ಮುಗಿಸಿದ ಮೇಲೆ, ಕೊನೆಯ ಕರ್ಪೂರದಾರತಿಯನ್ನು ಆ ಗುಂಪಿನಲ್ಲಿ ಅತಿ ಹೆಚ್ಚು ಯಾತ್ರೆ ಮಾಡಿದವರು ಎತ್ತಬೇಕು. ಅದು ಯಜಮಾನರ ಕಟ್ಟಳೆ. ಡ್ರೈವರ್ ಆ ಜ್ವಾಲೆಗೆ ಎರಡು ಕೈ ತೋರಿಸಿ, ಕಣ್ಣಿಗೊತ್ತಿಕೊಂಡು, ಆ ಬಿಸಿಯ ಕೈಯಲ್ಲೇ ಸ್ಟೇರಿಂಗ್ ಹಿಡಿಯುತ್ತಿದ್ದ. ಆಮೇಲೆ ಈಡುಗಾಯಿ ಒಡೆದು ಬಸ್ಸು ಹೊರಡುತ್ತಿತ್ತು.

ಬಹಳ ಕಾಲ ಬಸವನಗುಡಿಯ ಒಬ್ಬ ಮುದುಕರು ಆರತಿ ಎತ್ತುತ್ತಿದ್ದರು. ಅವರು ಮಂಡಿನೋವಿನಿಂದ ಬಸ್ಸು ಹತ್ತುವುದನ್ನು ಬಿಟ್ಟ ವರ್ಷ, ನಾನು ಅತ್ತೆಯ ಚೀಲ ಹಿಡಿದುಕೊಂಡು ಬಸ್ಸಿನ ಹತ್ತಿರ ಹೋಗಿದ್ದೆ. ಆಗ ನಾನಿನ್ನೂ ಕಾಲೇಜಿನಲ್ಲಿದ್ದೆ. ಪುರೋಹಿತರು ತಟ್ಟೆ ಹಿಡಿದು, ನಗುಮುಖದಿಂದ ಮುತ್ತೈದೆಯರ ಗುಂಪಿನ ಕಡೆ ನೋಡಿದರು. ಯಜಮಾನರು ಅತ್ತೆಯ ಕಡೆ ನೋಡಿದರು.

“ಅಮ್ಮಾ, ಬನ್ನಿ. ಈಗ ನೀವೇ.”

ಅತ್ತೆ ಒಂದು ಹೆಜ್ಜೆ ಹಿಂದಕ್ಕೆ ಹೋದರು, ಅಭ್ಯಾಸಬಲ. ಅಲ್ಲಿ ಅಡುಗೆಮನೆ ಇರಲಿಲ್ಲ, ನಾನಿದ್ದೆ, ನನ್ನ ಕಾಲು ತುಳಿದರು. ಪುರೋಹಿತರು ಯಜಮಾನರ ಕಿವಿಯ ಹತ್ತಿರ ಏನೋ ಹೇಳಿದರು. ಯಜಮಾನರಿಗೆ ಪಿಸುಮಾತು ಬರುತ್ತಿರಲಿಲ್ಲ. ಬೀದಿಗೆಲ್ಲ ಕೇಳುವ ಹಾಗೆ ಅಂದರು:

“ಐನೋರೇ, ನನಗೆ ಬಸ್ಸು ಕ್ಷೇಮವಾಗಿ ಹೋಗ್ಬರ್ಬೇಕು. ಇವ್ರಷ್ಟು ಸಲ ಹೋಗಿ ಕ್ಷೇಮವಾಗಿ ವಾಪಸ್ ಬಂದೋರು ಇಲ್ಲಿ ಯಾರಿದಾರೆ, ತೋರ್ಸಿ. ಇವ್ರ ಕೈಗುಣಾನೇ ಬೇಕು ನನಗೆ.”

ಯಜಮಾನರು ಸುಧಾರಕರಾಗಿರಲಿಲ್ಲ. ಅವರಿಗೆ ಹಾಗೆ ಯಾರಾದರೂ ಹೇಳಿದ್ದರೆ ಬೈಗುಳ ಎಂದುಕೊಳ್ಳುತ್ತಿದ್ದರೇನೋ. ಅವರು ವ್ಯಾಪಾರಿ, ಮೂಢನಂಬಿಕೆಯ ವ್ಯಾಪಾರಿ. ಆದರೆ ಅವರ ಮೂಢನಂಬಿಕೆಗೆ ಒಂದು ಲೆಕ್ಕವಿತ್ತು, ಆ ಲೆಕ್ಕದಲ್ಲಿ ಹಣೆಯ ಕುಂಕುಮಕ್ಕೆ ಜಾಗವಿರಲಿಲ್ಲ. ಅತ್ತೆ ತಟ್ಟೆ ತೆಗೆದುಕೊಂಡರು. ಜ್ವಾಲೆ ಆರದ ಹಾಗೆ ನಿಧಾನವಾಗಿ ಎತ್ತಿದರು. ಡ್ರೈವರ್ ಕಣ್ಣಿಗೊತ್ತಿಕೊಂಡ. ಆಮೇಲೆ ಮುತ್ತೈದೆಯರೂ ಒಬ್ಬೊಬ್ಬರಾಗಿ ಒತ್ತಿಕೊಂಡರು. ಘಾಟಿನ ರಸ್ತೆ ಎದುರಿಗಿರುವಾಗ ಯಾರಿಗೆ ಬೇಕು ಶಾಸ್ತ್ರ!

ಆ ಯಾತ್ರೆಯಿಂದ ಬಂದವರೇ ಅತ್ತೆ ಚಿಕ್ಕಪೇಟೆಗೆ ಹೋಗಿ ಒಂದು ಹಿತ್ತಾಳೆ ಆರತಿ ತಟ್ಟೆ ಕೊಂಡರು. ಹಳೆಯ ರೇಷ್ಮೆ ತುಂಡಿನಲ್ಲಿ ಸುತ್ತಿ ತಮ್ಮ ಟ್ರಂಕಿನಲ್ಲಿ ಇಟ್ಟರು. ಮನೆಯ ಯಾವ ಹಬ್ಬದಲ್ಲೂ ಅದು ಹೊರಗೆ ಬರಲಿಲ್ಲ. ಯಾತ್ರೆಯ ಹಿಂದಿನ ದಿನ ಮಾತ್ರ ಅವರು ಹಿತ್ತಲಲ್ಲಿ ಕೂತು ಹುಣಸೆಹಣ್ಣು ಹಚ್ಚಿ ಅದನ್ನು ಉಜ್ಜುತ್ತಿದ್ದರು. ಆ ಹೊತ್ತಿನಲ್ಲಿ ಅವರು ಗುನುಗುತ್ತಿದ್ದದ್ದು ನನಗೆ ಇವತ್ತಿಗೂ ಕೇಳಿಸುತ್ತದೆ. ಬೇರೆ ದಿನ ಅವರು ಗುನುಗಿದ್ದು ನನಗೆ ನೆನಪಿಲ್ಲ.

ಹೀಗೆ ವರ್ಷಗಳು ಹೋದವು. ಹೊಸ ಶತಮಾನ ಬಂತು, ಯಜಮಾನರು ತೀರಿಕೊಂಡರು, ಕಂಪನಿ ಅಳಿಯನ ಕೈಗೆ ಹೋಯಿತು. ಆತ ಮ್ಯಾನೇಜ್‌ಮೆಂಟ್ ಓದಿದವನು. ಪುಣ್ಯಕ್ಷೇತ್ರಗಳಿಗೆ ‘ಡೆಸ್ಟಿನೇಷನ್’ ಎನ್ನುತ್ತಿದ್ದ. ಮಾವನ ಮೇಜು ತೆಗೆಸಿ ಗಾಜಿನ ಮೇಜು ಹಾಕಿಸಿದ, ಮಾವನ ಫೋಟೋಗೆ ಪ್ಲಾಸ್ಟಿಕ್ ಹಾರ ಹಾಕಿಸಿದ, ಅದು ಬಾಡುವುದಿಲ್ಲವಲ್ಲ. ಆಮೇಲೆ ಹಳಬರ ಮನೆಗಳಿಗೆ ‘ಆತ್ಮೀಯ ಗ್ರಾಹಕರೇ’ ಎಂದು ಶುರುವಾಗುವ ಒಂದು ಹೊಳೆಯುವ ಹಾಳೆ ಬಂತು. ನಿಮ್ಮ ಪ್ರೀತಿಗೆ ಋಣಿಯಾಗಿ ನಾವು ಒಂದು ಹೊಸ ಯೋಜನೆ ತಂದಿದ್ದೇವೆ ಎಂದಿತ್ತು. ಸಿಲ್ವರ್ ಕಾರ್ಡು, ಗೋಲ್ಡ್ ಕಾರ್ಡು. ಇನ್ನು ಮುಂದೆ ಸೀಟು, ಬಿಸಿನೀರು, ಕಾಫಿ ಎಲ್ಲ ಕಾರ್ಡಿನ ಪ್ರಕಾರ. ಎಲ್ಲರಿಗೂ ಹುಟ್ಟುಹಬ್ಬದ ಶುಭಾಶಯ ಮತ್ತು ಒಂದು ಕೀ ಬಂಚ್ ಉಚಿತ. ಹಲ್ಲಿಲ್ಲದವರಿಗೆ ಮೆತ್ತಗಿನ ಅನ್ನ ಬೇಕು, ಇವನು ಕೀ ಬಂಚ್ ಕೊಡುತ್ತಿದ್ದಾನೆ. ಆ ಹಾಳೆಯ ಕೊನೆಯಲ್ಲಿ ಒಂದು ಸಾಲು: ಪ್ರಯಾಣಾರಂಭದ ಗೌರವಾರತಿ ಗೋಲ್ಡ್ ಸದಸ್ಯ ದಂಪತಿಗಳಿಗೆ ಮೀಸಲು.

ಅತ್ತೆ ಆ ಸಾಲನ್ನು ಓದಿ ಕನ್ನಡಕ ಒರೆಸಿ ಮತ್ತೊಮ್ಮೆ ಓದಿದರು. ಮಾರನೆಯ ದಿನ ನನ್ನನ್ನು ಕರೆದುಕೊಂಡು ಕಂಪನಿಯ ಆಫೀಸಿಗೆ ಹೋದರು. ಅಳಿಯ ಎದ್ದು ನಿಂತು ಕೈಮುಗಿದ. ಅಂಥವರ ನಮಸ್ಕಾರ ಬಹಳ ಚೆನ್ನಾಗಿರುತ್ತದೆ.

“ಅಮ್ಮ, ನಿಮ್ದು ಸಿಲ್ವರ್ ಆಗುತ್ತೆ. ಪಾಯಿಂಟ್ಸ್ ಈ ವರ್ಷದಿಂದ ಕೌಂಟ್ ಆಗೋದು. ಹಳೇದೆಲ್ಲ ಸಿಸ್ಟಮ್‌ನಲ್ಲಿ ಇಲ್ಲ.”

“ಸಿಸ್ಟಮ್‌ನಲ್ಲಿ ಇಲ್ದಿದ್ರೆ ಏನಂತೆ, ನಾನಿದೀನಲ್ಲಪ್ಪ ಇಲ್ಲಿ.”

ಅವನು ನಕ್ಕ. ಮುದುಕಿಯರ ಮಾತಿಗೆ ನಗುವ ನಗು.

“ಸರಿ, ಇನ್ನೊಂದಷ್ಟು ಯಾತ್ರೆ ಮಾಡಿ ಗೋಲ್ಡೇ ಆಗ್ತೀನಿ ಅಂತಿಟ್ಕೋ. ಆಗ ಆರತಿ ಎತ್ತಬಹುದಾ?”

“ಅದು ಕಪಲ್ಸ್‌ಗಮ್ಮ. ಬ್ರೋಶರ್‌ನಲ್ಲಿ ಫೋಟೋ ಹಾಕ್ತೀವಲ್ಲ, ಗಂಡ ಹೆಂಡ್ತಿ ಇದ್ರೆ ಲಕ್ಷಣವಾಗಿರುತ್ತೆ. ಕಸ್ಟಮರ್ಸ್ ಕೂಡ ಅದನ್ನೇ ಇಷ್ಟಪಡೋದು. ನೀವು ಬೇಜಾರ್ ಮಾಡ್ಕೋಬೇಡಿ, ನಿಮಗೆ ಕೀ ಬಂಚ್ ಬಂತಾ?”

ನನಗೆ ಮೈಯೆಲ್ಲ ಉರಿದುಹೋಯಿತು. ಏಲಕ್ಕಿ ಜಗಿಯುತ್ತಿದ್ದ ಹಳೆಯ ಮನುಷ್ಯ, ಪಂಚಾಂಗ ನೋಡದೆ ಟೈರು ಬದಲಾಯಿಸದವನು, ಆ ತಟ್ಟೆಯನ್ನು ವಿಧವೆಯ ಕೈಗೆ ಕೊಟ್ಟಿದ್ದ. ಕಂಪ್ಯೂಟರು, ಟೈ, ಗಾಜಿನ ಮೇಜು ಇಟ್ಟುಕೊಂಡ ಈ ಆಧುನಿಕ ಪ್ರಾಣಿ, ಅಜ್ಜಿಯ ಕಾಲದ ಕೊಳೆಯನ್ನು ಪ್ಲಾಸ್ಟಿಕ್ ಕಾರ್ಡಿನಲ್ಲಿ ಸುತ್ತಿ ವಾಪಸ್ ತಂದಿದ್ದ. ನಾನು ಹೇಳಬೇಕಾದ್ದನ್ನು ಹೇಳಲು ಬಾಯಿ ತೆರೆದೆ. ಅತ್ತೆ ನನ್ನ ಮೊಣಕೈ ಹಿಡಿದುಕೊಂಡು ಹೊರಗೆ ನಡೆದರು.

ಅಷ್ಟರಲ್ಲಿ ಹಳಬರೂ ಕೆರಳಿದ್ದರು. ಅವರ ಸಭೆ ನಮ್ಮ ನಡುಮನೆಯಲ್ಲೇ ಸೇರಿತು. ಬಸವನಗುಡಿಯಿಂದ ಒಬ್ಬ ರಿಟೈರ್ಡ್ ಬ್ಯಾಂಕ್ ಮ್ಯಾನೇಜರು, ಹನುಮಂತನಗರದಿಂದ ಒಬ್ಬ ವಕೀಲರು, ಮಲ್ಲೇಶ್ವರದಿಂದ ಒಂದಿಬ್ಬರು, ಮತ್ತೆ ಅವರೆಲ್ಲರ ಮುಂದಾಳುವಾಗಿ ನಮ್ಮಪ್ಪ. ಅಪ್ಪನೂ ಅಮ್ಮನೂ ಅತ್ತೆಯ ಜೊತೆ ಆಗಾಗ ಯಾತ್ರೆಗೆ ಹೋಗಿ ಹಳಬರ ಪೈಕಿ ಸೇರಿದ್ದರು. ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇನು ಎನ್ನುವ ಜಾತಿ ಇವನು ಎಂದು ಎಲ್ಲರೂ ಅಳಿಯನನ್ನು ಬೈದರು. ಮುಂದಿನ ಸೀಟಿನ ವಿಷಯಕ್ಕೆ ವಕೀಲರ ಧ್ವನಿ ಗದ್ಗದವಾಯಿತು. ಎರಡನೇ ಕಾಫಿಯ ವಿಷಯಕ್ಕೆ ಮ್ಯಾನೇಜರು ಸ್ವಾತಂತ್ರ್ಯ ಹೋರಾಟಗಾರರ ಹಾಗೆ ಮುಷ್ಟಿ ಬಿಗಿದರು. ಅತ್ತೆ ಎಲ್ಲರಿಗೂ ಉಪ್ಪಿಟ್ಟು ಕೊಟ್ಟು, ಕಾಫಿ ಕೊಟ್ಟು, ಅಡುಗೆಮನೆಯ ಬಾಗಿಲಲ್ಲಿ ನಿಂತು ಹೇಳಿದರು:

“ಆರತಿ ವಿಷ್ಯಾನೂ ಕೇಳ್ಬನ್ನಿ. ಅದು ದಂಪತಿಗಳಿಗೆ ಅಂತ ಯಜಮಾನ್ರು ಯಾವತ್ತೂ ಮಾಡಿರ್ಲಿಲ್ಲ.”

“ಖಂಡಿತ, ಖಂಡಿತ, ಕೇಳ್ದೆ ಬಿಡ್ತೀವಾ,” ಎಂದರು ವಕೀಲರು, ಉಪ್ಪಿಟ್ಟಿನಲ್ಲಿ ಗೋಡಂಬಿ ಹುಡುಕುತ್ತ.

ಅತ್ತೆ ಯಾವುದನ್ನೂ ಬಾಯಿಬಿಟ್ಟು ಕೇಳಿದವರಲ್ಲ. ತಮ್ಮನ ಮನೆಯಲ್ಲಿ ಅಷ್ಟು ವರ್ಷ ಬಾಳಿದರೂ ಒಂದು ಬೀರು ಬೇಕು ಎಂದು ಕೇಳಿದವರಲ್ಲ. ನಾನು ತಿಳಿದ ಮಟ್ಟಿಗೆ ಅವರು ಕೇಳಿದ್ದು ಇದೊಂದೇ.

ನಿಯೋಗ ಹೋದ ದಿನ ಅವರು ಸಂಜೆಯವರೆಗೆ ಕಾದರು. ಹೂವಿನವಳು ಬಂದರೆ ಎದ್ದು ನೋಡಿದರು, ಗೇಟು ಸದ್ದಾದರೆ ಎದ್ದು ನೋಡಿದರು. ಅಪ್ಪ ಬಂದರು, ಚಪ್ಪಲಿ ಬಿಡುತ್ತಲೇ ವಿಜಯದ ಸುದ್ದಿ ಹೇಳಿದರು.

“ಗೆದ್ವಿ! ಮುಂದಿನ ಸೀಟು ಹಳಬರಿಗೇ. ಎರಡನೇ ಕಾಫಿ ವಾಪಸ್ ಬಂತು. ಬಿಸಿನೀರು ಮಾತ್ರ ಆಮೇಲೆ ನೋಡೋಣ ಅಂದ.”

ಗುಡ್ಡ ಅಗೆದು ಇಲಿ ಹಿಡಿದವರಿಗೆ ಎಷ್ಟು ಸಂತೋಷ!

“ಆರತಿ?” ಎಂದರು ಅತ್ತೆ.

ಅಪ್ಪ ಕೋಟು ತೆಗೆದು ಗೂಟಕ್ಕೆ ಹಾಕಿದರು. ಮತ್ತೆ ತೆಗೆದು ಸರಿಯಾಗಿ ಹಾಕಿದರು.

“ಅದನ್ನ ಹೇಗೆ ಕೇಳೋಕಾಗುತ್ತೆ, ಅಕ್ಕ? ಅಷ್ಟು ಜನರ ಎದುರಿಗೆ... ಅವರೂ ಯಾರೂ ಎತ್ಲಿಲ್ಲ ಆ ಮಾತ್ನ. ಏನೋ, ಆ ಯಜಮಾನ್ರು ಇದ್ದಾಗ ನಡೀತು. ನಿನಗೂ ವಯಸ್ಸಾಯ್ತು, ಬೆಳಿಗ್ಗೆ ಬೆಳಿಗ್ಗೆ ಹೊಗೆ ಯಾಕೆ?”

ಅಮ್ಮ ಅಡುಗೆಮನೆಯಿಂದ “ಅತ್ತಿಗೆ, ಹಾಲು ಉಕ್ತಾ ಇದೆ ಅನ್ಸುತ್ತೆ” ಎಂದರು. ಹಾಲು ಉಕ್ಕುತ್ತಿರಲಿಲ್ಲ. ಅತ್ತೆ ಒಳಗೆ ಹೋದರು.

ಅಳಿಯನ ಮೇಲೆ ನನಗಿದ್ದ ತಿರಸ್ಕಾರ ಆ ಸಂಜೆ ಅರ್ಧಕ್ಕೆ ಇಳಿಯಿತು. ಇಳಿದ ಅರ್ಧ ಎಲ್ಲಿಗೆ ಹೋಯಿತೆಂದು ಹೇಳಬೇಕಾಗಿಲ್ಲ. ಆತ ಲಾಭಕ್ಕೆ ಮಾಡಿದ, ಲಾಭಕ್ಕೆ ಮಾಡುವವನ ಹತ್ತಿರ ನ್ಯಾಯ ಕೇಳಿದರೆ ಕೇಳಿದವರದೇ ತಪ್ಪು. ಇವರು? ವರ್ಷಗಟ್ಟಲೆ ಅತ್ತೆಯ ಆರತಿಯನ್ನು ಕಣ್ಣಿಗೊತ್ತಿಕೊಂಡು ಘಾಟಿ ಇಳಿದವರು, ಒಂದು ಲೋಟ ಕಾಫಿಗೆ ಒಟ್ಟಾಗಿ ನಿಂತವರು, ಆ ಒಂದು ಮಾತಿಗೆ ಎಲ್ಲರೂ ಚಾವಣಿ ನೋಡಿದರು.

ಮುಂದಿನ ಯಾತ್ರೆಗೆ ಅಪ್ಪ, ಅಮ್ಮ, ಅತ್ತೆ ಮೂವರದೂ ಟಿಕೆಟ್ ಆಗಿತ್ತು. ಹೊರಡುವ ಹಿಂದಿನ ದಿನ ಅತ್ತೆ ಎಂದಿನ ಹಾಗೆ ಹಿತ್ತಲಲ್ಲಿ ಕೂತು ತಟ್ಟೆ ಉಜ್ಜಿದರು. ಗುನುಗಲಿಲ್ಲ. ಬೆಳಿಗ್ಗೆ ಅದನ್ನು ಚೀಲದಲ್ಲಿಟ್ಟುಕೊಂಡೇ ಬಂದರು. ಕೊನೆಯ ಗಳಿಗೆಯಲ್ಲಿ ಯಾರಾದರೂ ಕರೆಯಬಹುದು ಎಂದು ಅವರಿಗೆ ಅನ್ನಿಸಿತ್ತೋ ಏನೋ, ನಾನು ಕೇಳಲಿಲ್ಲ.

ಬಸ್ಸಿನ ಮುಂದೆ ಗೋಲ್ಡ್ ಸದಸ್ಯ ದಂಪತಿಗಳು ನಿಂತಿದ್ದರು. ಗಂಡ ಕಂಟ್ರಾಕ್ಟರು, ಕಾರ್ಪೊರೇಟರ್ ಆಗುವ ಆಸೆಯವನು. ವಾರ್ಡಿನ ಜನರನ್ನು ಬಸ್ಸುಗಟ್ಟಲೆ ಯಾತ್ರೆಗೆ ಕಳಿಸಿ ಪಾಯಿಂಟು ಕೂಡಿಸಿದ್ದ. ಸ್ವತಃ ಒಂದು ಸಲವೂ ಆ ಬಸ್ಸು ಹತ್ತಿದವನಲ್ಲ. ಅವನ ಹೆಂಡತಿ, ಪಾಪ, ಗಾಳಿಗೆ ಕರ್ಪೂರ ಆರಿಹೋಗಿ ಎರಡು ಸಲ ಹಚ್ಚಿದಳು. ಅಳಿಯ ಪಕ್ಕದಲ್ಲಿ ನಿಂತು ಫೋಟೋಗ್ರಾಫರಿಗೆ ಕೈಸನ್ನೆ ಮಾಡುತ್ತಿದ್ದ. ‘ಮೇಡಂ, ಇನ್ನೊಂದ್ಸಲ ಎತ್ತಿ, ಫ್ಲ್ಯಾಶ್ ಆಗ್ಲಿಲ್ಲ’ ಎಂದ. ದೇವರೂ ಇನ್ನೊಂದು ಸಲ ನಗಬೇಕಿತ್ತೇನೋ. ಫೋಟೋ ಆದ ಕೂಡಲೇ ಆ ದಂಪತಿಗಳು ತಮ್ಮ ಕಾರು ಹತ್ತಿ ಮನೆಗೆ ಹೋದರು. ಹೋಗುವ ಬಸ್ಸಿಗೂ ಅವರಿಗೂ ಸಂಬಂಧವಿರಲಿಲ್ಲ.

ವಕೀಲರು, ಮ್ಯಾನೇಜರು, ಅಪ್ಪ ತಾವು ಗೆದ್ದ ಮುಂದಿನ ಸೀಟುಗಳಲ್ಲಿ ಕೂತು, ತಾವು ಗೆದ್ದ ಎರಡನೇ ಕಾಫಿ ಕುಡಿಯುತ್ತಿದ್ದರು. ಅಪ್ಪ ಕಿಟಕಿಯಿಂದ ಬಗ್ಗಿ, “ಅಕ್ಕ, ಹತ್ತು, ಹೊರಡುತ್ತೆ” ಎಂದರು.

“ನೀವು ಹೋಗ್ಬನ್ನಿ.”

“ಅಂದ್ರೆ? ಏನಾಯ್ತೀಗ?”

“ಏನೂ ಆಗಿಲ್ಲ ಕಣೋ. ಕಾಫಿ ಆರುತ್ತೆ, ಕುಡಿ.”

ಬಸ್ಸು ಹೊರಟಿತು. ಅದು ಕನಕಪುರ ರಸ್ತೆಯಲ್ಲೇ ಕೆಟ್ಟು ನಿಂತಿತು ಎಂದು ಬರೆಯಲು ನನಗೆ ಬಹಳ ಆಸೆ. ಹಾಗೇನೂ ಆಗಲಿಲ್ಲ. ಟೈರು ಕೂಡ ಪಂಕ್ಚರ್ ಆಗಲಿಲ್ಲ. ಎಲ್ಲರೂ ಚೆನ್ನಾಗಿ ದರ್ಶನ ಮಾಡಿ, ಚೆನ್ನಾಗಿ ತಿಂದು, ಪ್ರಸಾದದ ಪೊಟ್ಟಣ ಹೊತ್ತು ವಾಪಸ್ ಬಂದರು. ಅತ್ತೆ ಮತ್ತೆ ಆ ಕಂಪನಿಯ ಬಸ್ಸು ಹತ್ತಲಿಲ್ಲ. ಬೇರೆ ಕಂಪನಿಗಳಿವೆ ಎಂದು ನಾನು ಹೇಳಿದೆ. ‘ಅಲ್ಲಿ ನಾನು ಹೊಸಬಳು’ ಎಂದರು.

ಒಂದೆರಡು ವರ್ಷದ ಮೇಲೆ ನನ್ನ ಮದುವೆ ನಿಶ್ಚಯವಾಯಿತು. ಲಗ್ನಪತ್ರಿಕೆ ಆರಿಸಲು ನಾನೂ ಅತ್ತೆಯೂ ಸುಲ್ತಾನ್‌ಪೇಟೆಗೆ ಹೋದೆವು. ಅಂಗಡಿಯಲ್ಲಿ ಕಾರ್ಡುಗಳ ರಾಶಿಯ ಮುಂದೆ ಕೂತಾಗ, ನಾನು ಬಹಳ ದಿನದಿಂದ ಮನಸ್ಸಿನಲ್ಲಿಟ್ಟುಕೊಂಡಿದ್ದ ಮಾತನ್ನು ಹೊರಗೆ ತೆಗೆದೆ. ಒಳಗೊಳಗೇ ನನ್ನ ಬೆನ್ನು ನಾನೇ ತಟ್ಟಿಕೊಳ್ಳುತ್ತಿದ್ದೆ ಎನ್ನುವುದನ್ನೂ ಬರೆದುಬಿಡುತ್ತೇನೆ.

“ಅತ್ತೆ, ನನ್ನ ಮದುವೇಲಿ ನೀವೇ ಆರತಿ ಎತ್ಬೇಕು. ನಿಮ್ಮ ಆ ತಟ್ಟೆ ತನ್ನಿ. ಯಾರು ಏನಂತಾರೋ ನಾನು ನೋಡ್ಕೋತೀನಿ. ಅಪ್ಪನ್ನೂ ಒಪ್ಪಿಸ್ತೀನಿ.”

ಅತ್ತೆ ಕೈಯಲ್ಲಿದ್ದ ಕಾರ್ಡನ್ನು ಕೆಳಗಿಟ್ಟರು. ಅವರಿಗೆ ಸಂತೋಷವಾಗುತ್ತದೆ, ಕಣ್ಣಲ್ಲಿ ನೀರು ಬರುತ್ತದೆ ಎಂದುಕೊಂಡಿದ್ದೆ. ತಪ್ಪು ಲೆಕ್ಕ ಮಾಡಿದ ಹುಡುಗಿಯನ್ನು ನೋಡುವ ಹಾಗೆ ನನ್ನನ್ನು ನೋಡಿದರು.

“ಬೇಡ ಕಣೇ.”

“ಯಾಕತ್ತೆ? ಅಲ್ಲಿ ಎತ್ತುತಿರ್ಲಿಲ್ವಾ?”

“ಅಲ್ಲಿ ಯಾರೂ ನನ್ನ ಮೇಲೆ ದಯೆ ತೋರಿಸ್ಲಿಲ್ಲ. ಯಾರನ್ನೂ ಒಪ್ಪಿಸ್ಬೇಕಾಗಿರ್ಲಿಲ್ಲ. ನಾನು ಬಿಸಿಲು, ಧೂಳು, ಘಾಟಿ ಅನ್ನದೆ ಓಡಾಡಿದ್ದಕ್ಕೆ ಬಂದಿದ್ದು ಅದು. ನೀವು ಕೊಟ್ರೆ ಅದು ನಿಮ್ಮ ದೊಡ್ಡತನ ಆಗುತ್ತೆ. ಅಲ್ಲಿ ಅದು ನನ್ನದಾಗಿತ್ತು.”

ಅತ್ತೆ ರಾಶಿಯಿಂದ ಇನ್ನೊಂದು ಕಾರ್ಡು ಎತ್ತಿ, ಬೆಳಕಿಗೆ ಹಿಡಿದು, ಅಂಚಿನ ಅರಿಶಿನದ ಬಣ್ಣ ಕೈಗೆ ಅಂಟುತ್ತದೆಯೇ ಎಂದು ಅಂಗಡಿಯವನನ್ನು ಕೇಳಿದರು.